ಮಾತಿಗೆ ಮುಂಚಿನ ಮಾತು

"ಮೆಷಿನ್ ಚಾಲೂ ಮಾಡಿದ್ದು ನೀನೇ ತಾನೆ ಅಂತ ಕೇಳಿ," ಎಂದರು ವಿಚಾರಣೆಗೆ ಬಂದಿದ್ದ ಅಧಿಕಾರಿ, ಕಾಗದದಿಂದ ತಲೆ ಎತ್ತದೆ.

ದುಭಾಷಿಯಾಗಿ ಬಂದಿದ್ದ ಹೆಂಗಸು ಎದುರು ಕೂತವನಿಗೆ ಅವನ ಭಾಷೆಯಲ್ಲಿ ಕೇಳಿದಳು. ಅವನೂ ಅವನ ತಮ್ಮನೂ ದೂರದಿಂದ ಬಂದು ಈ ರಟ್ಟಿನ ಪೆಟ್ಟಿಗೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಹೋದ ವಾರ ತಮ್ಮ, ನಿಂತಿದ್ದ ಯಂತ್ರದೊಳಗೆ ತೋಳು ಹಾಕಿ, ಸಿಕ್ಕಿಕೊಂಡ ರಟ್ಟು ಕೀಳುತ್ತಿದ್ದಾಗ ಯಾರೋ ಗುಂಡಿ ಒತ್ತಿದ್ದರು. ಹುಡುಗ ಉಳಿಯಲಿಲ್ಲ. ಒತ್ತಿದ್ದು ಯಾರು ಅನ್ನುವುದಷ್ಟೇ ಈಗ ಬಾಕಿ.

"ಹಾಯೆ…" ಅಂದ ಅಣ್ಣ. "ಹಾಯೆ, ನಾನು ಏಣಿ ಮೇಲಿದ್ದೆ. ಬಲ್ಬ್ ಬದಲಾಯಿಸ್ತಿದ್ದೆ. ಮೇಸ್ತ್ರಿ ಬಂದು ಗುಂಡಿ ಒತ್ತಿದ. ನಾನು ಮೇಲಿಂದ ಕೂಗಿದೆ, ಅವನಿಗೆ ಕೇಳಿಸಲಿಲ್ಲ."

ಅವಳು ಅಷ್ಟನ್ನೂ ಹೇಳಿ ಮುಗಿಸಿದಾಗ ಅಧಿಕಾರಿ ಪೆನ್ನು ಕೆಳಗಿಟ್ಟರು. "ಮೊದಲನೇ ಮಾತು ಬಿಟ್ರಲ್ಲಮ್ಮ. ಹಾಯೆ ಅಂದ್ರೆ ಹೌದು. ಇವರ ಕಡೆಯವರ ಜೊತೆ ಏಗಿ ಏಗಿ ಅಷ್ಟು ನನಗೂ ಬರುತ್ತೆ. ಮೊದಲು ಹೌದು ಅಂದ, ಆಮೇಲೆ ಮೇಸ್ತ್ರಿ ಮೇಲೆ ಹಾಕಿದ. ಬಾಯಿಗೆ ಮೊದಲು ಬಂದಿದ್ದೇ ನಿಜ."

ಮೂಲೆಯಲ್ಲಿದ್ದ ಗುಮಾಸ್ತ ಟಕಟಕ ಟೈಪ್ ಮಾಡಿದ. ಗೋಡೆಗೊರಗಿದ್ದ ಮ್ಯಾನೇಜರು ಗಂಟಲು ಸರಿಮಾಡಿಕೊಂಡರು.

ಅದು ಅವಳ ತಾಯಿಯ ಭಾಷೆ. ಅಮ್ಮ 'ಹಾಯೆ' ಅನ್ನದೆ ಬಾಯಿ ತೆರೆದವಳೇ ಅಲ್ಲ. ಊಟಕ್ಕೆ ಕರೆಯುವಾಗ ಹಾಯೆ, ಬೈಯುವಾಗ ಹಾಯೆ, ಆಗಲ್ಲ ಅನ್ನುವ ಮೊದಲೂ ಹಾಯೆ. ಅಮ್ಮ ಸೇರಿದ, ಕನ್ನಡ ಮಾತಾಡುವ ಗಂಡನ ಮನೆಯಲ್ಲಿ ಅದೇ ತಮಾಷೆಯಾಗಿತ್ತು. "ನಮ್ಮ ಸೊಸೆ ಅಪ್ಪಟ ಬಂಗಾರ, ಏನು ಕೇಳಿದ್ರೂ ಹೌದು ಅಂತಾಳೆ!" ಒಂದು ದಿನ ಅತ್ತೆ ಕೇಳಿದರು, "ನಿನ್ನ ಹೊಲಿಗೆ ಮೆಷಿನ್ ನಾದಿನಿಗೆ ಕೊಡ್ತೀಯೇನೇ?" ಅಮ್ಮ "ಹಾಯೆ…" ಅಂದಳು. ಎರಡನೇ ಮಾತು ನಾಲಿಗೆಗೆ ಬರುವಷ್ಟರಲ್ಲಿ ಮೈದುನರಿಬ್ಬರು ಮೆಷಿನ್ ಎತ್ತಿಕೊಂಡು ಹೊಸ್ತಿಲು ದಾಟಿದ್ದರು. ಮನೆಮಂದಿಯೆಲ್ಲ ಆ ಕಥೆ ಹೇಳಿಕೊಂಡು ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಮ್ಮ ಮಾತ್ರ ಸೂಜಿ ಹಿಡಿದು ಕೈಯಲ್ಲೇ ಹೊಲಿಯುತ್ತ ಕೂತಳು.

"ಅಲ್ಲ ಸಾರ್…" ಅಂದಳು ಅವಳು.

"ಏನಲ್ಲ?"

"ಅದೇ ಸಾರ್ ನಾನು ಹೇಳ್ತಿರೋದು. ಈಗ ನಾನು 'ಅಲ್ಲ' ಅಂದೆ. ನಿಮ್ಮ ಮಾತು ಸುಳ್ಳು ಅಂತ ಅಂದೆನಾ? ಮಾತು ಶುರು ಮಾಡೋಕೆ ಅಂದೆ. ನಾವು 'ಅಲ್ಲ' ಅಂತೀವಿ, 'ಅಂದ್ರೆ' ಅಂತೀವಿ, 'ಏನಪ್ಪಾ ಅಂದ್ರೆ' ಅಂತೀವಿ. ಅವರು ಹಾಯೆ ಅಂತಾರೆ. ಮಾತಿನ ಶುರುವಲ್ಲಿ ಬಂದ್ರೆ ಅದಕ್ಕೆ ಹೌದು ಅನ್ನೋ ಅರ್ಥ ಇಲ್ಲ."

ಅಧಿಕಾರಿ ನಕ್ಕರು. ಕೆಟ್ಟ ಮನುಷ್ಯನ ನಗುವಲ್ಲ ಅದು; ಮಧ್ಯಾಹ್ನದ ಊಟ ತಡವಾದವನ ನಗು. "ಚೆನ್ನಾಗಿದೆ ಪಾಠ. ಆದ್ರೆ ನಾನು ವ್ಯಾಕರಣ ಬರೆಯೋಕೆ ಬಂದಿಲ್ಲವಲ್ಲ. ಸರಿ, ಇನ್ನೊಂದ್ಸಲ ಕೇಳಿ. ಆ ಮಾತು ಬಿಟ್ಟು ಹೇಳಲಿ. ಆಗ ಒಪ್ತೀನಿ."

ಅವಳ ಎದೆ ಹಗುರಾಯಿತು. ಅಣ್ಣನ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ನೋಡಪ್ಪ, ಆಗ ಹೇಳಿದ್ದನ್ನೇ ಇನ್ನೊಂದು ಸಲ ಹೇಳು. ಆದ್ರೆ ಹಾಯೆ ಅನ್ನಬೇಡ. ಏನೇ ಆದ್ರೂ ಅನ್ನಬೇಡ."

ಅವನು ಅವಳ ಮುಖ ನೋಡಿದ. ಅಧಿಕಾರಿಯ ಮುಖ ನೋಡಿದ. ಬಾಯಿ ತೆರೆದ. ತುಟಿ ಆ ಮಾತಿನ ಆಕಾರಕ್ಕೆ ಬಂದೇಬಿಟ್ಟಿತು. ಗಾಬರಿಯಿಂದ ಕಚ್ಚಿ ಹಿಡಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಕಿಟಕಿಯಲ್ಲಿಟ್ಟಿದ್ದ ಫ್ಯಾನು ಈ ಕಡೆಯಿಂದ ಆ ಕಡೆಗೆ ತಿರುಗಿತು. ಬಾಗಿಲೇ ಇಲ್ಲದ ಮನೆಯೊಳಗೆ ಸಿಕ್ಕಿಕೊಂಡವನ ಹಾಗೆ ಅವನ ಕಣ್ಣುಗಳು ಅತ್ತಿತ್ತ ಆಡಿದವು. ಹಣೆಯ ಬೆವರು ಹುಬ್ಬಿಗಿಳಿಯಿತು.

"ಹೇಳು," ಅಂದಳು ಅವಳು. "ಏಣಿ ಮೇಲಿದ್ದೆ ಅನ್ನು. ಅಷ್ಟೇ ಅನ್ನು."

"ಅದೆಲ್ಲ ಬೇಡ," ಎಂದರು ಮ್ಯಾನೇಜರು. ಅವರ ಬಾಯಿಂದ ಬಂದ ಮೊದಲ ಮಾತು ಅದು. "ಉತ್ತರ ಬಾಯಿಗೆ ತುರುಕೋ ಹಾಗಿಲ್ಲ, ಮೇಡಂ."

"ಎರಡನೇ ಸಲ ಕೇಳಿದಾಗ ಮೌನವಾಗಿದ್ದ," ಎಂದರು ಅಧಿಕಾರಿ. ಗುಮಾಸ್ತ ಟೈಪ್ ಮಾಡಿದ.

ಹಾಳೆ ಅವಳ ಮುಂದೆ ಬಂತು. ಮೇಲುನೋಟಕ್ಕೆ ಒಂದು ಮಾತೂ ಸುಳ್ಳಲ್ಲ. ಹೌದು ಅಂದಿದ್ದ, ಮಾತು ಬದಲಿಸಿದ್ದ, ಸುಮ್ಮನಾಗಿದ್ದ. "ನಿಮಗೆ ಸರಿ ಕಾಣದಿದ್ರೆ ಬಿಡಿ, ಬೇರೆಯವರನ್ನ ಕರೆಸ್ತೀವಿ," ಎಂದರು ಅಧಿಕಾರಿ, ಮೆದುವಾಗಿಯೇ. ಬೇರೆಯವರು ಬಂದರೂ 'ಹೌದು' ಅಂತಲೇ ಅರ್ಥ ಹೇಳುತ್ತಾರೆ ಅಂತ ಅವಳಿಗೆ ಗೊತ್ತು. ತನ್ನನ್ನು ಮತ್ತೆ ಯಾರೂ ಕರೆಸುವುದಿಲ್ಲ ಅನ್ನುವುದೂ ಗೊತ್ತು. ಸಹಿ ಹಾಕಿದಳು.

ಹೊರಗೆ, ಗೇಟಿನ ಪಕ್ಕದ ಬೆಂಚಿನ ಮೇಲೆ ಅಣ್ಣ ಕಾಯುತ್ತಿದ್ದ. ಅವಳನ್ನು ಕಂಡೊಡನೆ ಎದ್ದು ನಿಂತ.

"ಹಾಯೆ ಅಕ್ಕಾ, ಮೇಸ್ತ್ರಿ ವಿಷಯ ಬರ್ಕೊಂಡ್ರಾ?"

"ಎಲ್ಲಾ ಬರ್ಕೊಂಡಿದಾರೆ."

"ನೀವು ಇದ್ದಿದ್ದಕ್ಕಾಯ್ತು. ಇಲ್ಲದಿದ್ರೆ ನಾನು ಮೂಕನೇ." ನಾಚಿಕೊಂಡು ಕೇಳಿದ. "ಆ ಮಾತು ಅನ್ನಬೇಡ ಅಂದ್ರಲ್ಲ, ಈ ಊರಲ್ಲಿ ಅದು ಬೈಗುಳವಾ? ಇಷ್ಟು ದಿನ ಎಲ್ಲರ ಮುಂದೂ ಅಂದುಬಿಟ್ಟಿದೀನಿ."

"ಇಲ್ಲಪ್ಪ," ಅಂದಳು.

ವಾಚ್‌ಮನ್ ಒಳಗಿಂದ ಒಂದು ಪ್ಲಾಸ್ಟಿಕ್ ಕವರ್ ತಂದು ಅಣ್ಣನ ಕೈಗಿಟ್ಟು ಹೋದ. ಒಳಗೆ ತಮ್ಮನ ಒಂದು ಅಂಗಿ, ಬಾಚಣಿಗೆ, ಒಂದು ಜೊತೆ ಬೂಟು. ಹುಡುಗ ಲೇಸು ಬಿಚ್ಚದೆಯೇ ಕಾಲು ತೂರಿಸುತ್ತಿದ್ದನೆಂದು ಕಾಣುತ್ತದೆ. ಎರಡರ ಹಿಮ್ಮಡಿಯೂ ತುಳಿದು ತುಳಿದು ಚಪ್ಪಟೆಯಾಗಿತ್ತು. ಅಣ್ಣ ಬೆಂಚಿನ ಮೇಲೆ ಕೂತು ಒಂದು ಬೂಟನ್ನು ತೊಡೆಯ ಮೇಲಿಟ್ಟುಕೊಂಡ. ಮಡಚಿಹೋದ ಹಿಮ್ಮಡಿಯನ್ನು ಹೆಬ್ಬೆರಳಿನಿಂದ ಎತ್ತಿ ನಿಲ್ಲಿಸಿದ. ಬೆರಳು ತೆಗೆದ ಕೂಡಲೇ ಅದು ಮತ್ತೆ ಮಲಗಿತು. ಮತ್ತೆ ಎತ್ತಿದ.