ಹದಿನೇಳನೇ ಬಾವಿಗೆ ಬಂದ ರಿಗ್

ಡೆಲ್ಫಿನಾ ಹದಿನೇಳನೇ ಬಾವಿಯ ಬಳಿ ಟ್ರಕ್ ನಿಲ್ಲಿಸಿ, ಇಳಿಯುವ ಮುಂಚೆ ಎಂದಿನಂತೆ ಎಡಮಂಡಿಯನ್ನು ಉಜ್ಜಿಕೊಂಡಳು. ಅನಿಲದ ಬಾವಿಗಳನ್ನು ಸುತ್ತಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಇಪ್ಪತ್ತೊಂಬತ್ತು ವರ್ಷವಾಗಿತ್ತು. ದಿನಕ್ಕೆ ನಲವತ್ತು ಬಾವಿ, ನಲವತ್ತು ಟ್ಯಾಂಕು. ಪ್ರತಿ ಟ್ಯಾಂಕಿನ ಏಣಿ ಹತ್ತಿ, ಅಳತೆಪಟ್ಟಿ ಇಳಿಬಿಟ್ಟು, ಅನಿಲದ ಜೊತೆ ಬಂದ ನೀರು ಒಳಗೆಷ್ಟು ನಿಂತಿದೆಯೆಂದು ಬರೆದುಕೊಳ್ಳಬೇಕು. ಹಿಮಗಟ್ಟಿದ ಏಣಿಗಳನ್ನು ಇನ್ನೊಂದು ಚಳಿಗಾಲ ಹತ್ತಿದರೆ ಮಂಡಿ ಉಳಿಯುವುದಿಲ್ಲವೆಂದು ಡಾಕ್ಟರು ಹೇಳಿದ್ದರು. ಆಗಲೇ ಸೆಪ್ಟೆಂಬರ್ ಬಂದಿತ್ತು. ಕೆಲಸ ಬಿಡುವುದಾದರೆ ಶುಕ್ರವಾರದೊಳಗೆ ತಿಳಿಸಬೇಕಿತ್ತು.

ಬಿಡುವ ದಾರಿ ತೋರಿಸಿದವನು ತಮ್ಮ ಎಲಾದಿಯೋ. ಅಜ್ಟೆಕ್ ಊರಿನ ಪೇಟೆಯಲ್ಲಿ ಅವನದು ಕ್ಷೌರದಂಗಡಿ. ಅವನ ಕುರ್ಚಿಯಲ್ಲಿ ಕೂರದೆ ಯಾವ ಸುದ್ದಿಯೂ ಊರು ದಾಟುತ್ತಿರಲಿಲ್ಲ. ಹಿಂದಿನ ಭಾನುವಾರ ಹಸಿಮೆಣಸಿನಕಾಯಿಯ ಹಂದಿಸಾರಿಗೆ ರೊಟ್ಟಿ ಅದ್ದುತ್ತ ಅವನು ಶುರುಮಾಡಿದ್ದ.

“ಅಕ್ಕಾ, ದೇಶಕ್ಕೇ ಗ್ಯಾಸ್ ಸಾಲ್ತಿಲ್ಲ. ಅರ್ಧ ಗ್ಯಾಸ್ ಹಡಗು ಹತ್ತಿ ಪರದೇಶಕ್ಕೆ ಹೋಗತ್ತೆ, ಇನ್ನರ್ಧ ಕಂಪ್ಯೂಟರ್ ಕಟ್ಟಡಗಳಿಗೆ ಕರೆಂಟು ಕೊಡೋಕೆ ಉರಿಯತ್ತೆ. ಬೆಲೆ ಏರದೆ ಏನು ಮಾಡತ್ತೆ? ಸೆಡ್ರೋ ಟ್ರಸ್ಟಿನ ಪಾಲು ತಗೋ. ನೀನು ದಿನಾ ಮೈದಡವೋ ಬಾವಿಗಳೇ ಕಣಕ್ಕಾ ಅವು. ತಿಂಗಳು ತಿಂಗಳು ಚೆಕ್ಕು ಬರತ್ತೆ, ಕಾಲು ಚಾಚ್ಕೊಂಡು ಕೂತ್ಕೊ.”

“ಟ್ರಸ್ಟು ಬಾವಿ ನಡೆಸಲ್ವಲ್ಲೋ. ನಡೆಸೋದು ಕಂಪನಿ. ಲಾಭದಲ್ಲಿ ಒಂದು ಪಾಲು ಟ್ರಸ್ಟಿಗೆ ಕೊಡತ್ತೆ, ಅವರು ಹಂಚ್ತಾರೆ, ಅಷ್ಟೆ.”

“ನಾನೂ ಅದನ್ನೇ ಹೇಳ್ತಿರೋದು. ಕತ್ತರಿ ಹಿಡೀದೆ ದುಡ್ಡು! ನನಗೆ ಇಷ್ಟು ವರ್ಷದಲ್ಲಿ ಯಾರೂ ಹಾಗೆ ಕೊಡಲಿಲ್ಲ ನೋಡು.”

ನಿವೃತ್ತಿಯ ಗಂಟನ್ನೆಲ್ಲ ಪಾಲಿಗೆ ಹಾಕಿದರೆ, ಕಳೆದ ವರ್ಷದಷ್ಟೇ ಹಂಚಿದರೂ ಮನೆ ನಡೆಯುತ್ತಿತ್ತು. ಡೆಲ್ಫಿನಾ ರಾಜೀನಾಮೆ ಬರೆದು ಟ್ರಕ್ಕಿನಲ್ಲಿಟ್ಟುಕೊಂಡಿದ್ದಳು. ಸಹಿ ಮಾತ್ರ ಹಾಕಿರಲಿಲ್ಲ.

ಈ ಸೋಮವಾರ ಹದಿನೇಳರ ಪಕ್ಕದಲ್ಲಿ ಕೊರೆಯುವ ರಿಗ್ ಎದ್ದು ನಿಂತಿತ್ತು. ಆ ಕಣಿವೆಯಲ್ಲಿ ರಿಗ್ ಕಂಡರೆ ಎಲ್ಲರ ಮುಖವೂ ಅರಳುತ್ತದೆ. ಲಾಡ್ಜು ತುಂಬುತ್ತದೆ, ಹೋಟೆಲಿನವರು ಇನ್ನೊಂದು ಒಲೆ ಹಚ್ಚುತ್ತಾರೆ, ಎಲಾದಿಯೋ ಹೆಚ್ಚು ಟವೆಲು ಒಗೆಯುತ್ತಾನೆ. ಅವಳು ನಿಂತಲ್ಲೇ ಅವನಿಗೆ ಫೋನ್ ಮಾಡಿದಳು.

“ರಿಗ್ ಬಂತು ಕಣೋ, ನನ್ನ ಹದಿನೇಳಕ್ಕೆ!”

“ನಾನು ಹೇಳಲಿಲ್ವಾ? ಸಹಿ ಹಾಕು ಇನ್ನು!”

ಸಹಿ ಹಾಕಿದಳು. ಕಾಗದ ಕೊಡುವುದು, ಪಾಲು ಕೊಳ್ಳುವುದು ಎರಡನ್ನೂ ಶುಕ್ರವಾರಕ್ಕೆ ಇಟ್ಟುಕೊಂಡಳು.

ಗುರುವಾರ ಸಂಜೆ ಟ್ರಸ್ಟಿನ ತಿಂಗಳ ವರದಿ ತೆಗೆದು ಕೂತಳು. ಹಿಂದೊಮ್ಮೆ ಲೆಕ್ಕಪತ್ರದ ಸಂಜೆ ತರಗತಿಗೆ ಹೋದಾಗ ಮೇಷ್ಟ್ರು, ಮೊದಲು ಕೆಳಗಿನ ಸಣ್ಣ ಅಕ್ಷರ ಓದಿ ಅನ್ನುತ್ತಿದ್ದರು. ಅಲ್ಲೊಂದು ಸಾಲಿತ್ತು. ಹೊಸ ಬಾವಿ ಕೊರೆದ ಖರ್ಚನ್ನು ಕಂಪನಿ ಮೊದಲು ಲಾಭದಲ್ಲಿ ಮುರಿದುಕೊಳ್ಳುತ್ತದೆ, ಅದು ತೀರುವವರೆಗೆ ಪಾಲುದಾರರಿಗೆ ಹಂಚುವುದೇನೂ ಇರುವುದಿಲ್ಲ. ಮೂರು ಸಲ ಓದಿದಳು. ತನಗೇ ತಿಳಿಯುತ್ತಿಲ್ಲವೇನೋ, ದೊಡ್ಡ ಓದು ಓದಿದವರು ಇಷ್ಟನ್ನು ನೋಡದೆ ಪಾಲು ಕೊಳ್ಳುತ್ತಾರೆಯೆ ಎಂದು ಅನುಮಾನವಾಯಿತು.

ಶುಕ್ರವಾರ ಬೆಳಿಗ್ಗೆ ರಿಗ್ಗಿನ ಮೇಸ್ತ್ರಿಯನ್ನೇ ಕೇಳಿದಳು. “ಎಷ್ಟು ಕೊರೀತೀರಪ್ಪಾ?”

“ಎಂಟು. ಬೆಲೆ ಹೀಗಿರುವಾಗ ಸುಮ್ಮನೆ ಬಿಡ್ತಾರಾ?”

ಒಂದೊಂದಕ್ಕೆ ತಗಲುವ ಖರ್ಚನ್ನೂ ಅವನು ಹೇಳಿದ. ಟ್ರಕ್ಕಿನ ಬಾಗಿಲಿಗೆ ಕಾಗದ ಒತ್ತಿಕೊಂಡು ಲೆಕ್ಕ ಹಾಕಿದಳು. ಕಡಿಮೆಯೆಂದರೂ ಒಂದು ವರ್ಷ ಚೆಕ್ಕಿಲ್ಲ. ಸೊನ್ನೆ ಹೆಚ್ಚು ಬರೆದೆನೇನೋ ಎಂದು ಮತ್ತೆ ಹಾಕಿದಳು. ಉತ್ತರ ಅದೇ ಬಂತು.

ಮಧ್ಯಾಹ್ನ ಎಲಾದಿಯೋ ಅಂಗಡಿಯಲ್ಲಿ ಒಬ್ಬನೇ ಕೂದಲು ಗುಡಿಸುತ್ತಿದ್ದ. ಅವಳು ಹೇಳಿದ್ದನ್ನೆಲ್ಲ ಕೇಳಿ ಪೊರಕೆ ನಿಲ್ಲಿಸಿದ.

“ಅಂದ್ರೆ, ಬೆಲೆ ಏರಿದ್ದಕ್ಕೇ ಚೆಕ್ಕು ನಿಲ್ಲತ್ತಾ?”

“ಬೆಲೆ ಏರಿದ್ದಕ್ಕೇ ಕೊರೀತಿದಾರೆ. ನಿನ್ನ ಮಾತು ಸುಳ್ಳಲ್ಲ ಕಣೋ. ಮುಂದೆ ದುಡ್ಡು ಬಂದರೂ ಬರಬಹುದು. ಈ ಚಳಿಗಾಲಕ್ಕಂತೂ ಅಲ್ಲ.”

“ನೀನೇ ಅಲ್ವಾ ಫೋನ್ ಮಾಡಿ ಕುಣಿದಿದ್ದು? ನಾನು ಸೋಮವಾರವೇ ಮುನ್ನೂರು ಪಾಲು ತಗೊಂಡೆ.”

ಡೆಲ್ಫಿನಾ ಕುರ್ಚಿಯಲ್ಲಿ ಕೂತುಬಿಟ್ಟಳು. “ಕುಣಿದೆ. ಈ ಊರಲ್ಲಿ ಹುಟ್ಟಿದೋಳು, ರಿಗ್ ನೋಡಿ ಅಳೋದು ಯಾರೂ ಕಲಿಸಲಿಲ್ಲ. ತಪ್ಪು ನಂದೇ.”

“ಮಾರಿಬಿಡ್ಲಾ?”

“ಗೊತ್ತಿಲ್ಲಪ್ಪಾ. ನೀನು ಕಾಯಬಹುದು. ನಿನ್ನ ಮಂಡಿ ಚೆನ್ನಾಗಿದೆ.”

ಅವನಿಗೆ ನಗು ಬಂತು, ಪೂರ್ತಿ ಬರಲಿಲ್ಲ. “ಬಂದಿದ್ದೀಯ, ಕೂತಿದ್ದೀಯ, ಕೂದಲಾದರೂ ಕತ್ತರಿಸ್ತೀನಿ ಇರು,” ಎಂದು ಅವಳ ಕೊರಳಿಗೆ ಬಟ್ಟೆ ಸುತ್ತಿದ.

ಸಂಜೆ ಕಚೇರಿಯಲ್ಲಿ ಅವಳು ರಾಜೀನಾಮೆಯನ್ನು ಹೊರತೆಗೆಯಲಿಲ್ಲ. ಅರ್ಧ ಸುತ್ತು ಕೊಡುತ್ತೀರಾ, ಇಪ್ಪತ್ತೇ ಬಾವಿ, ಎಂದು ಕೇಳಿದಳು. ಸಂಬಳವೂ ಅರ್ಧವೇ ಎಂದರು ಮೇಲಿನವರು. ಒಪ್ಪಿಕೊಂಡಳು. ಯಾವ ಇಪ್ಪತ್ತು ಬೇಕು ಎಂದು ಅವರು ನಕ್ಷೆ ಹರಡಿದಾಗ ಏಣಿ ಗಿಡ್ಡವಿರುವ ಟ್ಯಾಂಕುಗಳನ್ನೇ ಆರಿಸುತ್ತ ಬಂದಳು. ಹದಿನೇಳರದು ಎಲ್ಲಕ್ಕಿಂತ ಎತ್ತರದ ಏಣಿ. ಅದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು.

“ಇದೂ ಇರಲಿ,” ಎಂದಳು. ರಿಗ್ಗು ಅಲ್ಲೇ ಇತ್ತು; ಅದು ಕೊರೆಯುವ ಎಂಟನೆಯ ಹೊಸ ಬಾವಿ ಯಾವತ್ತು ಮುಗಿಯುತ್ತದೆಂದು ತಮ್ಮನಿಗೆ ಹೇಳಬೇಕಾದವಳು ಅವಳೇ ತಾನೇ.