ಅಪ್ಪನ ದನಿಗೆ ಎರಡು ಡಿಸ್ಕು

ಬಸ್ ಕಂಡಕ್ಟರಾಗಿದ್ದ ಅಪ್ಪ ಗಂಟಲಿನ ಆಪರೇಷನ್ನಿಗೆ ಮುಂಚೆ ಆಸ್ಪತ್ರೆಯಲ್ಲಿ ಕೂತು ತನ್ನ ದನಿಯನ್ನು ರೆಕಾರ್ಡ್ ಮಾಡಿಸಿಟ್ಟಿದ್ದ. ಈಗ ಅವನು ಫೋನಿನಲ್ಲಿ ಟೈಪ್ ಮಾಡಿದರೆ ಆ ದನಿಯೇ ಮಾತಾಡುತ್ತದೆ. ಅವನಂಥ ನೂರಾರು ಜನರ ದನಿ ಆಸ್ಪತ್ರೆಯ ಒಂದು ಸರ್ವರಿನಲ್ಲಿದೆ. ಹೋದ ತಿಂಗಳು ಅದರ ಡಿಸ್ಕು ಕೆಟ್ಟು, ಅರ್ಧ ದಿನ ಅಷ್ಟೂ ಜನ ಮೂಕರಾದರು. ಅಪ್ಪ ಅಮ್ಮನ ಜೊತೆ ಕೈಸನ್ನೆಯಲ್ಲೇ ಜಗಳವಾಡಿ ಸೋತ.

ಆ ಸರ್ವರನ್ನು ನೋಡಿಕೊಳ್ಳುವ ಎಂಜಿನಿಯರ್ ಅವನ ಮಗಳೇ. ಅಂದಿನಿಂದ ಅವಳಿಗೆ ಊಟ ರುಚಿಸಿರಲಿಲ್ಲ. ಪ್ರತಿ ದನಿಯೂ ಏಕಕಾಲಕ್ಕೆ ಎರಡು ಡಿಸ್ಕಿನಲ್ಲಿ ಉಳಿಯುವಂತೆ ಹೊಸ ಯಂತ್ರವೊಂದನ್ನು ಸಜ್ಜು ಮಾಡಿದಳು. ಒಂದು ಕೈಕೊಟ್ಟರೂ ಇನ್ನೊಂದು ಕೆಲಸ ಮುಂದುವರಿಸಬೇಕು. ಮುಂದುವರಿಸುತ್ತದೆಯೇ? ಯಂತ್ರ ನಡೆಯುತ್ತಿರುವಾಗಲೇ ಒಂದು ಡಿಸ್ಕನ್ನು ಕಿತ್ತು ನೋಡದೆ ಗತಿಯಿರಲಿಲ್ಲ.

"ಮೊದ್ಲು ನನ್ ದನಿ ಹಾಕಿ ನೋಡು," ಎಂದ ಅಪ್ಪ.

ಫ್ಯಾನುಗಳು ಗುಂಯ್‌ಗುಡುವ ತಣ್ಣನೆಯ ಸರ್ವರ್ ಕೋಣೆಯಲ್ಲಿ ಅವನು ಸ್ಟೂಲೆಳೆದುಕೊಂಡು ಕೂತ. ದನಿಯ ಇನ್ನೊಂದು ಪ್ರತಿ ಬೇರೆಡೆ ಜೋಪಾನವಾಗಿತ್ತು. ಆದರೂ ಅವಳು ಅದನ್ನು ಇನ್ನೊಮ್ಮೆ ತೆರೆದು ನೋಡಿಕೊಂಡಳು.

"ಏನಾದ್ರೂ ಮಾತಾಡ್ತಿರಪ್ಪ. ನಿಲ್ಲಿಸ್ಬೇಡ."

"ನಿಲ್ಲಿಸ್ಬೇಡ ಅಂತ ನಂಗೆ ಒಬ್ರು ಹೇಳ್ತಿರೋದು ಇದೇ ಮೊದ್ಲು," ಎಂದಿತು ಫೋನು. "ಚಿಕ್ಕೋಳಿದ್ದಾಗ ನೀನು ನನ್ ಬಸ್ಸಲ್ಲೇ ನಿದ್ದೆ ಹೋಗ್ತಿದ್ದೆ. ಎಚ್ಚರ ಆಗ್ಬಾರ್ದು ಅಂತ ಸ್ಟಾಪ್ ಹೆಸ್ರನ್ನ ಪಿಸುಮಾತಲ್ಲಿ ಹೇಳ್ತಿದ್ದೆ."

ಅವಳು ಡಿಸ್ಕನ್ನು ಎಳೆದಳು. ಕೆಂಪು ದೀಪ ಹತ್ತಿತು. ಫೋನು ಸುಮ್ಮನಾಯಿತು.

ಅವಳು ಗಾಬರಿಯಿಂದ ತಿರುಗಿ ನೋಡಿದರೆ ಅಪ್ಪ ಬೇಕೆಂದೇ ಫೋನಿನಿಂದ ಬೆರಳೆತ್ತಿಕೊಂಡು ಕೂತಿದ್ದ, ಕಣ್ಣಲ್ಲೇ ನಗುತ್ತ. ಆಮೇಲೆ ನಿಧಾನವಾಗಿ ಟೈಪ್ ಮಾಡಿದ. ಉಳಿದ ಒಂದೇ ಡಿಸ್ಕಿನಿಂದ ದನಿ ಬಂತು.

"ಪಾಪ, ಜನಕ್ಕೆ ಕೇಳಿಸ್ದೆ ಮುಂದಿನ ಸ್ಟಾಪಲ್ಲಿ ಇಳಿದು ಬೈತಿದ್ರು. ಹೆದರ್ಕೊಂಡ್ಯಾ?"

"ಅಪ್ಪ, ಇದು ಹುಡುಗಾಟ ಅಲ್ಲ," ಎಂದು ಗದರಿದಳು. ಗದರುತ್ತಲೇ ಕಣ್ಣು ತುಂಬಿಬಂತು.

ಅಪ್ಪನ ನಗು ಇಳಿಯಿತು. "ಗೊತ್ತು ಮಗಳೇ. ಆವತ್ತು ಮಾತು ನಿಂತಾಗ ನಂಗೆ ಅಷ್ಟೇನೂ ಅನ್ನಿಸ್ಲಿಲ್ಲ. ಆದ್ರೆ ನೀನು ಮುಖ ತಪ್ಪಿಸ್ಕೊಂಡು ಓಡಾಡಿದ್ಯಲ್ಲ, ಅದನ್ನ ನೋಡಕ್ಕಾಗ್ಲಿಲ್ಲ."

ಅವಳು ಅವನ ಪಕ್ಕ ನೆಲದ ಮೇಲೆ ಕೂತಳು. ಅಪ್ಪ ತಲೆ ನೇವರಿಸಿದ. ಸ್ವಲ್ಪ ಹೊತ್ತಿನ ಮೇಲೆ ಎದ್ದು ಖಾಲಿ ಜಾಗಕ್ಕೆ ಹೊಸ ಡಿಸ್ಕು ತೂರಿಸಿದಳು. ಉಳಿದ ಡಿಸ್ಕಿನಿಂದ ಎಲ್ಲವೂ ಅದಕ್ಕೆ ನಕಲಾಗಲು ಸಂಜೆಯವರೆಗೆ ಹಿಡಿಯುತ್ತಿತ್ತು.

"ನೀನು ಮನೆಗೆ ಹೋಗು, ಇಲ್ಲಿ ಚಳಿ," ಎಂದಳು.

"ನಿಮ್ಮಮ್ಮನ ಬಗ್ಗೆ ಒಂದು ವಿಷ್ಯ ನಿಂಗೆ ಹೇಳೇ ಇಲ್ಲ," ಎಂದು ಅಪ್ಪ ಸ್ಟೂಲಿನಿಂದ ಏಳದೆಯೇ ಶುರುಮಾಡಿದ. ಅವಳು ಪರದೆ ಬಿಟ್ಟು ಅವನತ್ತ ತಿರುಗಿದಳು.