ಅಳಿಯನ ಗಾಡಿಯ ಮೀಟರು

ಮೂವತ್ತು ವರ್ಷ ಲಾರಿ ಓಡಿಸಿದ ಮನುಷ್ಯ ಮೀಟರನ್ನು ನಂಬುವುದುಂಟೇ? ಟ್ಯಾಂಕಿಗೆ ಕೋಲು ಇಳಿಸಿ, ಎಷ್ಟು ಒದ್ದೆಯಾಗಿದೆ ಅಂತ ಕಣ್ಣಾರೆ ನೋಡಿದ ಮೇಲೇ ಸ್ಟಿಯರಿಂಗ್ ಹಿಡಿಯುತ್ತಿದ್ದ ಆಸಾಮಿ ಅವನು. ಈಗ ಸ್ವಂತ ಕಾರು ಗ್ಯಾರೇಜಿನಲ್ಲಿ ಕೂತಿತ್ತು. ಅಳಿಯ ತನ್ನ ಕರೆಂಟ್ ಕಾರಿನ ಕೀಲಿ ಕೈಗಿಟ್ಟಿದ್ದ. ನೂರಿಪ್ಪತ್ತು ಕಿಲೋಮೀಟರ್ ದೂರದ ಆಸ್ಪತ್ರೆಯಲ್ಲಿ ಹನ್ನೊಂದು ಗಂಟೆಗೆ ಅಕ್ಕನಿಗೆ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ತಮ್ಮನ ಮುಖ ನೋಡಲೇಬೇಕು ಅಂತ ಅವಳು ಫೋನಿನಲ್ಲಿ ಹಟ ಹಿಡಿದಿದ್ದಳು. ಬೆಳಿಗ್ಗೆ ಏಳಕ್ಕೇ ಗಂಡಹೆಂಡತಿ ಹೊರಟರು.

ಇನ್ನೂರ ಹತ್ತು ಕಿಲೋಮೀಟರ್ ಓಡುತ್ತೇನೆ ಅನ್ನುತ್ತಿತ್ತು ಮೀಟರು. ಹೇಳುತ್ತೆ, ಹೇಳುವುದಕ್ಕೇನು ಖರ್ಚು! ಮೊದಲ ಏರಿನಲ್ಲೇ ಒಂದು ಕಿಲೋಮೀಟರಿಗೆ ಮೂರು ಇಳಿಯಿತು. ಇಳಿಜಾರಿನಲ್ಲಿ ಎರಡು ಏರಿತು; ಆಗಂತೂ ಇದು ಪಕ್ಕಾ ಕಳ್ಳಲೆಕ್ಕ ಅಂತ ತೀರ್ಮಾನಿಸಿಬಿಟ್ಟ. ಓಡುವ ಗಾಡಿಯಲ್ಲಿ ಎಣ್ಣೆ ಹೆಚ್ಚಾಗುವುದನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಎಸಿ ಆರಿಸಿದ, ರೇಡಿಯೋ ಆರಿಸಿದ, ಹೆಂಡತಿ ಫೋನಿಗೆ ಚುಚ್ಚಿದ್ದ ವೈರನ್ನೂ ಕಿತ್ತ. ವೇಗ ನಲವತ್ತು ದಾಟಲು ಬಿಡಲಿಲ್ಲ. ಇಳಿಜಾರಿನಲ್ಲಿ ಸೈಕಲ್ಲಿನವನೊಬ್ಬ ಅವರನ್ನು ಹಿಂದೆ ಹಾಕಿ ಹೋದ.

ಅರ್ಧ ದಾರಿಯಲ್ಲಿ ಚಾರ್ಜಿಂಗ್ ಜಾಗ ಕಂಡಿತು. ಇನ್ನೂ ನೂರ ನಲವತ್ತು ಉಳಿದಿದೆ, ಅಕ್ಕ ಕಾಯುತ್ತಿರುತ್ತಾರೆ, ನಿಲ್ಲಿಸಬೇಡಿ ಅಂತ ಹೆಂಡತಿ ಎಷ್ಟು ಗೋಗರೆದರೂ ಅವನು ಜಪ್ಪಯ್ಯ ಅನ್ನಲಿಲ್ಲ. ಸರದಿಯಲ್ಲಿ ನಿಂತು, ಪೂರ್ತಿ ತುಂಬಿಸಿಯೇ ಹೊರಟ.

ತಲುಪಿದಾಗ ಹನ್ನೊಂದೂವರೆ. ಆಪರೇಷನ್ ಥಿಯೇಟರಿನ ಬಾಗಿಲು ಮುಚ್ಚಿತ್ತು. ಹೊರಗೆ ಬೆಂಚಿನ ಮೇಲೆ ಅಕ್ಕನ ಮಗಳು ಅತ್ತೂ ಅತ್ತೂ ಕಣ್ಣು ಊದಿಸಿಕೊಂಡು ಕೂತಿದ್ದಳು.

"ಅಮ್ಮ ಸ್ಟ್ರೆಚರ್ ಮೇಲೂ ನಿಮ್ಮನ್ನೇ ಕೇಳ್ತಿದ್ರು ಮಾವ. ದಾರೀಲಿ ಗಾಡಿ ನಿಂತೋಯ್ತಾ?"

ಅವನು ಹೆಂಡತಿಯ ಕಡೆ ನೋಡಲಿಲ್ಲ. "ಹೂಂ ಕಣಮ್ಮ, ಚಾರ್ಜ್ ಖಾಲಿಯಾಗೋಯ್ತು," ಅಂದ.

ಅಯ್ಯೋ, ಇಂಥ ಗಾಡಿ ಯಾಕಾದರೂ ತಂದಿರಿ ಅಂತ ಅವಳು ಮರುಗಿದಳು. ತಾನೂ ಅಂಥದ್ದನ್ನೇ ಬುಕ್ ಮಾಡಿದ್ದಳಂತೆ, ಇನ್ನು ಬೇಡವೇ ಬೇಡ ಅಂದಳು. ಸಂಜೆ ಡಾಕ್ಟರು ಬಂದು ಅಪಾಯವಿಲ್ಲ ಅನ್ನುವವರೆಗೆ ಅವನು ಒಂದು ಲೋಟ ನೀರನ್ನೂ ಮುಟ್ಟಲಿಲ್ಲ.

ಮರುದಿನ ಅಕ್ಕನನ್ನು ನೋಡಲು ಬಿಟ್ಟರು. ಸೂಜಿ ಚುಚ್ಚಿದ ಕೈಯಿಂದಲೇ ಅವಳು ಅವನ ಬೆರಳು ಹಿಡಿದುಕೊಂಡಳು.

"ಮಗಳು ಹೇಳಿದ್ಲು. ಗಾಡಿ ಕೈಕೊಟ್ರೆ ನೀನೇನು ಮಾಡ್ತೀಯಪ್ಪ. ನನ್ನ ಬುದ್ಧಿಗಿಷ್ಟು... ಒಳಗೆ ಹೋಗುವಾಗ ನಿನ್ನ ಮೇಲೇ ಅನುಮಾನ ಪಟ್ಟೆ. ಬೇಕಂತ್ಲೇ ತಡ ಮಾಡ್ದ ಅಂದ್ಕೊಂಡೆ."

ಅವನಿಗೆ ನಾಚಿಕೆಯಿಂದ ಮೈಯೆಲ್ಲ ಉರಿಯಿತು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು ತಲೆಯಾಡಿಸಿದ.

ಹೆಂಡತಿ ಎದ್ದು ಹೊರಗೆ ಹೋದಳು.